ಬಿಎಸ್ಸಿ ಜೀವವಿಜ್ಞಾನದ ಮೊದಲ ವರ್ಷ: ವಾರದ ಅರ್ಧ ಲ್ಯಾಬಿನಲ್ಲೇ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಜೀವವಿಜ್ಞಾನದ ಬಿಎಸ್ಸಿಗೆ ಸೇರುವ ಬಹಳಷ್ಟು ಮಂದಿ ಮೊದಲ ಸೆಮಿಸ್ಟರನ್ನು ಮೂರನೇ ಪಿಯುಸಿ ಎಂದುಕೊಂಡೇ ಶುರುಮಾಡುತ್ತಾರೆ. ಪಾಠದ ತಲೆಬರಹಗಳೂ ಹಾಗೇ ಕಾಣುತ್ತವೆ: ಶೈವಲ, ಶಿಲೀಂಧ್ರ, ಅಕಶೇರುಕ, ಪರಮಾಣು ರಚನೆ. ಇದೆಲ್ಲ ಓದಿದ್ದೇ ಅಲ್ಲವಾ ಅನಿಸಿ ಮೊದಲ ಎರಡು ತಿಂಗಳು ಸಲೀಸಾಗಿ ಕಳೆಯುತ್ತವೆ. ಅಷ್ಟರಲ್ಲಿ ಪ್ರಾಕ್ಟಿಕಲ್ ರೆಕಾರ್ಡು ಅರ್ಧಕ್ಕೆ ನಿಂತಿರುತ್ತದೆ, ಬ್ಯುರೆಟ್ ಹಿಡಿಯಲು ಕೈ ಪಳಗಿರುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ಕಾಣುವುದೆಲ್ಲ ಗಾಳಿಗುಳ್ಳೆಯೇ. ಪದವಿಯ ಮೊದಲ ವರ್ಷಕ್ಕೂ ಪಿಯುಸಿಗೂ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ. ಪಠ್ಯವನ್ನು ಕೊನೆಯ ತಿಂಗಳಲ್ಲಿ ಕೂತು ಓದಿ ಮುಗಿಸುವವರಿದ್ದಾರೆ, ಆದರೆ ಲ್ಯಾಬಿನ ಕೆಲಸ ಹಾಗೆ ಕೂಡಿಹಾಕಿ ಮಾಡಲು ಬರುವುದಿಲ್ಲ.

ಈ ವರ್ಷದ ಅಂಗರಚನೆಯನ್ನು ಮೊದಲು ಬಿಡಿಸಿ ನೋಡೋಣ.

ಮೂರು ಐಚ್ಛಿಕ, ಎರಡು ಭಾಷೆ, ಒಂದು ಕಡ್ಡಾಯ

ತುಮಕೂರು ಜಿಲ್ಲೆಯ ಕಾಲೇಜುಗಳು 2004ರಲ್ಲಿ ಶುರುವಾದ ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳವು 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ಪಠ್ಯಕ್ರಮದಲ್ಲಿ ಯಾವ ಘಟಕ ಯಾವ ಸೆಮಿಸ್ಟರಿಗೆ ಎಂಬುದು ಎರಡು ಕಡೆ ಒಂದೇ ಥರ ಇರಬೇಕಿಲ್ಲ. ಒಟ್ಟು ಚೌಕಟ್ಟು ಮಾತ್ರ ರಾಜ್ಯಕ್ಕೆಲ್ಲ ಒಂದೇ: ಸಮಾನ ತೂಕದ ಮೂರು ಐಚ್ಛಿಕ ವಿಷಯ, ಎರಡು ಭಾಷೆ, ಜೊತೆಗೆ ಸಂವಿಧಾನ ಅಥವಾ ಪರಿಸರದಂಥ ಒಂದು ಕಡ್ಡಾಯ ಪತ್ರಿಕೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. 2021-22ರಿಂದ ಮೂರು ವರ್ಷ ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪ್ರವೇಶ ನಡೆಯಿತು. ಆಗ ಎರಡು ಪ್ರಧಾನ ವಿಷಯ, ಒಂದು ಮುಕ್ತ ಐಚ್ಛಿಕ, ಬೇಕಾದವರಿಗೆ ನಾಲ್ಕನೇ ವರ್ಷದ ಆನರ್ಸ್ ಇತ್ತು. 2024ರ ಮೇನಲ್ಲಿ ಸರ್ಕಾರ ಅದನ್ನು ಕೈಬಿಟ್ಟು, 2024-25ರಿಂದ ಮೂರು ವರ್ಷದ, ಮೂರು ಐಚ್ಛಿಕದ ಹಳೆಯ ಪದ್ಧತಿಗೆ ಮರಳಿತು. ಹೀಗಾಗಿ ಆ ಮೂರು ಬ್ಯಾಚಿನ ಸೀನಿಯರ್‌ಗಳ ನೋಟ್ಸು ನಿಮ್ಮ ಪತ್ರಿಕೆಗೆ ಹೊಂದದೆ ಹೋಗಬಹುದು. ಪ್ರಾಣಿಶಾಸ್ತ್ರದ ಮೊದಲ ಪತ್ರಿಕೆಗೆ ಕೋಶಶಾಸ್ತ್ರ, ತಳಿಶಾಸ್ತ್ರ ಓದಿಕೊಂಡು ಹೋದರೆ ಪ್ರಶ್ನೆಪತ್ರಿಕೆಯಲ್ಲಿ ಪೊರಿಫೆರಾ (ಸ್ಪಂಜುಗಳ ಗುಂಪು), ಅನೆಲಿಡಾ (ಎರೆಹುಳುವಿನ ಗುಂಪು) ಕೂತಿರುತ್ತವೆ. ಜೆರಾಕ್ಸ್ ಅಂಗಡಿಯ ನೋಟ್ಸಿಗೆ ದುಡ್ಡು ಕೊಡುವ ಮೊದಲು ವಿಶ್ವವಿದ್ಯಾಲಯದ ಜಾಲತಾಣದಿಂದ ನಿಮ್ಮ ಬ್ಯಾಚಿನ ಪಠ್ಯಕ್ರಮ ಇಳಿಸಿಕೊಂಡು, ಪತ್ರಿಕೆಯ ಹೆಸರು ಮತ್ತು ಕೋಡ್ ಎರಡನ್ನೂ ತಾಳೆ ನೋಡಿ.

ಮೂರು ಐಚ್ಛಿಕಗಳ ಗುಂಪನ್ನು ಎಲ್ಲರೂ ಕಾಂಬಿನೇಷನ್ ಎನ್ನುತ್ತಾರೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಸೇರಿದ ಸಿಬಿಜೆಡ್ ಹಳೆಯದು, ತಾಲ್ಲೂಕು ಮಟ್ಟದ ಸರ್ಕಾರಿ ಕಾಲೇಜಿನಲ್ಲೂ ಸಿಗುವುದು. ಜೈವಿಕ ತಂತ್ರಜ್ಞಾನ, ಸೂಕ್ಷ್ಮಜೀವಶಾಸ್ತ್ರ, ಜೀವರಸಾಯನಶಾಸ್ತ್ರ ಸೇರಿದ ಗುಂಪುಗಳು ದೊಡ್ಡ ಕಾಲೇಜುಗಳಲ್ಲಿರುತ್ತವೆ. ಹೆಸರು ಹೊಸದಾಗಿದೆ ಎಂದು ಮರುಳಾಗುವ ಬದಲು ಲ್ಯಾಬನ್ನು ಕಣ್ಣಾರೆ ನೋಡಿ ಸೇರುವುದು ಒಳ್ಳೆಯದು. ಸೂಕ್ಷ್ಮಜೀವಶಾಸ್ತ್ರ ಎಂದು ಬೋರ್ಡಿದ್ದ ಮೇಲೆ ಕೆಲಸ ಮಾಡುವ ಆಟೋಕ್ಲೇವ್, ಇನ್‌ಕ್ಯುಬೇಟರ್, ಲ್ಯಾಮಿನಾರ್ ಏರ್‌ಫ್ಲೋ ಇರಲೇಬೇಕು. ಅವಿಲ್ಲದ ಕಡೆ ಆ ಐಚ್ಛಿಕಕ್ಕಿಂತ ಒಳ್ಳೆಯ ಸೂಕ್ಷ್ಮದರ್ಶಕಗಳಿರುವ ಸಿಬಿಜೆಡ್ ಎಷ್ಟೋ ಮೇಲು. ಮುಂದೆ ಬಿ.ಇಡಿ. ಮಾಡಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳುವ ಆಸೆಯಿದ್ದವರಿಗಂತೂ ಸಿಬಿಜೆಡ್ ಹೇಳಿಮಾಡಿಸಿದಂತಿದೆ.

ಪ್ರವೇಶದ ಅರ್ಜಿಯಿಂದ ಅಂಕಪಟ್ಟಿಯವರೆಗೆ ಎಲ್ಲವೂ ಯುಯುಸಿಎಂಎಸ್ ತಂತ್ರಾಂಶದಲ್ಲೇ ನಡೆಯುತ್ತದೆ. ಅದರಲ್ಲಿ ನಮೂದಾದ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆಯೇ ಇದೆಯೇ, ಭಾಷೆ ಮತ್ತು ಐಚ್ಛಿಕಗಳು ಸರಿಯಾಗಿವೆಯೇ ಎಂದು ಸೇರಿದ ವಾರವೇ ನೋಡಿಕೊಳ್ಳಿ. ಪರೀಕ್ಷಾ ಶುಲ್ಕ ಕಟ್ಟುವ ದಿನ ಕಂಡ ತಪ್ಪು ತಿದ್ದಿಸಲು ಕಚೇರಿ ಸುತ್ತುವುದಾಗುತ್ತದೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣದಲ್ಲಿ, ಬೇರೆಯಾಗಿಯೇ ಅರ್ಜಿ ಹಾಕಬೇಕು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ.

ಕ್ರೆಡಿಟ್ ಲೆಕ್ಕ

ಕ್ರೆಡಿಟ್ ಎಂದರೆ ವಾರದ ಕೆಲಸದ ಅಳತೆ. ಥಿಯರಿಯಲ್ಲಿ ವಾರಕ್ಕೆ ಸುಮಾರು ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಪ್ರಾಕ್ಟಿಕಲ್‌ನಲ್ಲಿ ಎರಡು ಗಂಟೆಯ ಕೆಲಸಕ್ಕೆ ಒಂದು. ಒಂದು ಐಚ್ಛಿಕಕ್ಕೆ ಥಿಯರಿ 3, ಪ್ರಾಕ್ಟಿಕಲ್ 2 ಕ್ರೆಡಿಟ್ ಎಂದಿಟ್ಟುಕೊಳ್ಳಿ. ಆಗ ಪ್ರಾಕ್ಟಿಕಲ್‌ಗೆ ವಾರಕ್ಕೆ 4 ಗಂಟೆ, ಮೂರು ಐಚ್ಛಿಕಕ್ಕೆ ಸೇರಿ 12 ಗಂಟೆ. ವೇಳಾಪಟ್ಟಿಯಲ್ಲಿ ಮೂರು ಮಧ್ಯಾಹ್ನಗಳು ಹೀಗೇ ತುಂಬುತ್ತವೆ.

ಫಲಿತಾಂಶದ ಮೇಲೆ ಇದರ ಪರಿಣಾಮ ದೊಡ್ಡದು. ಶೇಕಡಾವಾರು ಅಂಕವನ್ನು ಹತ್ತರಿಂದ ಭಾಗಿಸಿ ಗ್ರೇಡ್ ಅಂಕ ಕೊಡುವ ಪದ್ಧತಿಯಲ್ಲಿ, ಥಿಯರಿಯಲ್ಲಿ 52 ಬಂದವರಿಗೆ 5.2, ಪ್ರಾಕ್ಟಿಕಲ್‌ನಲ್ಲಿ ಶೇ. 82 ಬಂದವರಿಗೆ 8.2. ಥಿಯರಿಗೆ 3 × 5.2 = 15.6, ಪ್ರಾಕ್ಟಿಕಲ್‌ಗೆ 2 × 8.2 = 16.4. ಎರಡೂ ಸೇರಿ 32, ಅದನ್ನು 5 ಕ್ರೆಡಿಟ್‌ನಿಂದ ಭಾಗಿಸಿದರೆ 6.4. ಥಿಯರಿಯಲ್ಲಿ ಐವತ್ತರ ಆಸುಪಾಸಿದ್ದ ವಿದ್ಯಾರ್ಥಿ ಲ್ಯಾಬಿನ ಬಲದಿಂದ ಪ್ರಥಮ ದರ್ಜೆಯ ಗಡಿ ದಾಟಿದ. ಇದೇ ಲೆಕ್ಕ ಉಲ್ಟಾ ಹೊಡೆಯುವುದೂ ಉಂಟು.

ಭಾಷೆಗಳ ಕ್ರೆಡಿಟ್ಟೂ ಈ ಒಟ್ಟು ಲೆಕ್ಕಕ್ಕೇ ಸೇರುತ್ತದೆ. ವಿಜ್ಞಾನದ ವಿದ್ಯಾರ್ಥಿಗಳು ಕನ್ನಡ, ಇಂಗ್ಲಿಷ್ ತರಗತಿಗೆ ಚಕ್ಕರ್ ಹೊಡೆಯುವುದು ಹಳೇ ರೂಢಿ. ಆ ಪತ್ರಿಕೆಗಳಲ್ಲಿ ಸ್ವಲ್ಪ ಗಮನಕ್ಕೇ ಒಳ್ಳೆಯ ಅಂಕ ಬರುತ್ತದೆ, ಹಾಜರಾತಿ ಶೇ. 75ರ ನಿಯಮವೂ ಅಲ್ಲಿಗೂ ಅಷ್ಟೇ ಅನ್ವಯ.

ರಸಾಯನಶಾಸ್ತ್ರ: ಕೊನೆಯ ಒಂದು ಹನಿ

ಜೀವವಿಜ್ಞಾನಕ್ಕೆಂದು ಬಂದವರು ಹೆಚ್ಚಾಗಿ ಎಡವುವುದು ರಸಾಯನಶಾಸ್ತ್ರದಲ್ಲಿ. ಮೊದಲ ವರ್ಷದ ಲ್ಯಾಬಿನ ಬೆನ್ನೆಲುಬು ಟೈಟ್ರೇಷನ್, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಟ್ಟು ಅದರ ಸಾರತೆ ಅಳೆಯುವುದು. 0.1 ನಾರ್ಮಲ್ ಆಕ್ಸಾಲಿಕ್ ಆಮ್ಲದ 250 ಮಿ.ಲೀ. ದ್ರಾವಣ ಮಾಡಲು 1.575 ಗ್ರಾಂ ಬೇಕು, ಏಕೆಂದರೆ ಹರಳಿನ ಅಣುತೂಕ 126, ಅದರರ್ಧ 63 ಸಮಾನತೂಕ, 63 × 0.1 × 0.25. ಈ ಒಂದು ಸಾಲಿನ ಲೆಕ್ಕ ಅರ್ಥವಾದರೆ ಇಡೀ ಸೆಮಿಸ್ಟರಿನ ದ್ರಾವಣಗಳನ್ನು ನೀವೇ ತಯಾರಿಸಬಹುದು.

ತಪ್ಪುಗಳು ಬಹುತೇಕ ತೊಳೆಯುವಲ್ಲೇ ಆಗುತ್ತವೆ. ಬ್ಯುರೆಟ್ಟನ್ನೂ ಪಿಪೆಟ್ಟನ್ನೂ ಅದರೊಳಗೆ ತುಂಬುವ ದ್ರಾವಣದಿಂದಲೇ ಕೊನೆಗೊಮ್ಮೆ ಅಲುಬಬೇಕು, ಇಲ್ಲದಿದ್ದರೆ ಒಳಗುಳಿದ ನೀರು ದ್ರಾವಣವನ್ನು ತೆಳು ಮಾಡುತ್ತದೆ. ಕೋನಿಕಲ್ ಫ್ಲಾಸ್ಕಿಗೆ ಹಾಗೆ ಮಾಡಕೂಡದು, ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದರೆ ಸಾಕು. ದ್ರಾವಣದಿಂದ ಅಲುಬಿದರೆ ಅಳೆದು ಹಾಕಿದ 10 ಮಿ.ಲೀ.ಗಿಂತ ಹೆಚ್ಚು ಅಲ್ಲಿರುತ್ತದೆ. ಬ್ಯುರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ಇದ್ದು ಮಧ್ಯದಲ್ಲಿ ಹೊರಬಿದ್ದರೆ ಆ ಓದಿಕೆ ಕೆಟ್ಟಂತೆಯೇ. ಪೊಟ್ಯಾಸಿಯಂ ಪರ್ಮಾಂಗನೇಟಿನ ಬಣ್ಣ ಗಾಢವಾದ್ದರಿಂದ ಅದರ ಮೇಲಂಚನ್ನು ಓದಬೇಕು, ಬಣ್ಣವಿಲ್ಲದ ದ್ರಾವಣಗಳಲ್ಲಿ ಕೆಳಗಿನ ಬಾಗನ್ನು. ಪರ್ಮಾಂಗನೇಟ್ ಹಾಕುವಾಗ ಆಕ್ಸಾಲಿಕ್ ಆಮ್ಲ 60ರಿಂದ 70 ಡಿಗ್ರಿಗೆ ಕಾದಿರಬೇಕು. ತಣ್ಣಗಿದ್ದರೆ ಬಣ್ಣ ಹೋಗುವುದೇ ನಿಧಾನ, ಮುಗಿಯಿತೆಂದು ಬೇಗ ನಿಲ್ಲಿಸಿಬಿಡುತ್ತೀರಿ. ಗಂಧಕಾಮ್ಲ ಕಡಿಮೆಯಾದರೆ ಕಂದು ಬಣ್ಣದ ಮಡ್ಡಿ ಏಳುತ್ತದೆ.

ಮೂರು ಓದಿಕೆ 10.4, 9.8, 9.8 ಬಂತೆನ್ನಿ. ಸರಾಸರಿ ತೆಗೆದು 10.0 ಎಂದು ಬರೆಯುವವರಿದ್ದಾರೆ. ಹಾಗಲ್ಲ, ಒಂದಕ್ಕೊಂದು ತಾಳೆಯಾದ 9.8 ಮಾತ್ರ ಉತ್ತರ. 10.4 ಅಂದಾಜು ತಿಳಿಯಲು ಮಾಡಿದ ಮೊದಲ ಸುತ್ತು.

ನಮ್ಮ ಮೂರು ಜಿಲ್ಲೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕೊಳವೆಬಾವಿಯ ನೀರು ಗಡಸು, ಹಲವು ಕಡೆ ಫ್ಲೋರೈಡ್ ಕೂಡ ಹೆಚ್ಚು. ಲ್ಯಾಬಿನಲ್ಲಿ ಭಟ್ಟಿ ಇಳಿಸಿದ ನೀರು ಖಾಲಿಯಾಯಿತೆಂದು ನಲ್ಲಿ ನೀರಿನಲ್ಲಿ ಆಕ್ಸಾಲಿಕ್ ಆಮ್ಲ ಕರಗಿಸಿದರೆ ದ್ರಾವಣ ಬೆಳ್ಳಗೆ ಮಬ್ಬಾಗುತ್ತದೆ: ನೀರಿನ ಕ್ಯಾಲ್ಸಿಯಂ ಆಕ್ಸಲೇಟಾಗಿ ಕೂತಿತು, ಅಷ್ಟು ಆಮ್ಲ ಲೆಕ್ಕದಿಂದ ಹೋಯಿತು. ನೀರಿನಲ್ಲಿರುವ ಬೈಕಾರ್ಬೊನೇಟ್ ಇನ್ನಷ್ಟು ಆಮ್ಲವನ್ನು ತಿನ್ನುತ್ತದೆ. ಇದೇ ಗಡಸುತನವನ್ನು ಅಳೆಯುವ ಇಡಿಟಿಎ ಟೈಟ್ರೇಷನ್ ಪಠ್ಯದಲ್ಲಿದ್ದರೆ ಮನೆಯ ಬೋರ್‌ವೆಲ್ ನೀರನ್ನೇ ತನ್ನಿ. ಪಿಎಚ್ 10ರ ಬಫರ್ ಹಾಕಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ ಬೆರೆಸಿದಾಗ ದ್ರಾಕ್ಷಾರಸದ ಕೆಂಪು ಕಾಣುತ್ತದೆ, ಕೊನೆಯಲ್ಲಿ ತಿಳಿ ನೀಲಿ. ನಡುವೆ ನೇರಳೆ ಬಣ್ಣಕ್ಕೇ ನಿಲ್ಲಿಸಿದರೆ ಗಡಸುತನ ಕಡಿಮೆ ತೋರುತ್ತದೆ.

ಸಸ್ಯಶಾಸ್ತ್ರ: ಮಳೆಗಾಲದ ಜೊತೆಗೇ ಬರುವ ಪಾಠ

ಮೊದಲ ವರ್ಷದ ಸಸ್ಯಶಾಸ್ತ್ರದಲ್ಲಿ ಹೂಬಿಡದವುಗಳದೇ ದೊಡ್ಡ ಪಾಲು: ಪಾಚಿ, ಶಿಲೀಂಧ್ರ, ಮಾಸ್‌ನಂಥ ಬ್ರಯೋಫೈಟ, ಜರೀಗಿಡದಂಥ ಟೆರಿಡೋಫೈಟ, ಸೈಕಾಸ್‌ನಂಥ ಅನಾವೃತ ಬೀಜಗಳು. ಮೊದಲ ಸೆಮಿಸ್ಟರ್ ಮಳೆಗಾಲದ ಹೊತ್ತಿಗೇ ನಡೆಯುವುದು ನಮ್ಮಂಥ ಒಣ ಸೀಮೆಗೆ ದೊಡ್ಡ ಅನುಕೂಲ. ಕೆರೆಯಂಚಿನಲ್ಲಿ ಕೈಗೆ ಜಾರುವ ಹಸಿರು ಎಳೆ ಸಿಕ್ಕರೆ ಅದು ಬಹುಶಃ ಸ್ಪೈರೋಗೈರ. ಸುರುಳಿಯಾಕಾರದ ಹರಿತ್ತು ಕಂಡರೆ ಅನುಮಾನವೇ ಇಲ್ಲ. ಕೆಸರಿನಲ್ಲಿ ನಾಲ್ಕೆಲೆಯ ಮಾರ್ಸಿಲಿಯ, ತೋಟದ ತೇವದ ನೆಲದಲ್ಲಿ ಚಪ್ಪಟೆ ಹಸಿರು ರೋಸೆಟ್ಟಿನ ರಿಕ್ಸಿಯ ಹುಡುಕಬಹುದು. ಬೇಸಿಗೆಗೆ ಬಿಟ್ಟರೆ ಇವೆಲ್ಲ ಲ್ಯಾಬಿನ ಬಾಟಲಿಯಲ್ಲಷ್ಟೇ ಉಳಿಯುತ್ತವೆ.

ಶಿಲೀಂಧ್ರದ ಮಾದರಿಗಳಿಗೆ ಹೊಲವೇ ಸಾಕು. ಪಾವಗಡ, ಶಿರಾ ಕಡೆಯ ಶೇಂಗಾ ಎಲೆಯ ಮೇಲಿನ ಕಪ್ಪು ಚುಕ್ಕೆ ಟಿಕ್ಕಾ ರೋಗ. ರಾಗಿಗೆ ಬೆಂಕಿ ರೋಗ, ಕೋಲಾರದ ಟೊಮ್ಯಾಟೊಗೆ ಮೋಡ ಕವಿದ ತಂಪು ದಿನಗಳಲ್ಲಿ ಅಂಗಮಾರಿ. ದಂಟಿನ ಸೊಪ್ಪಿನ ಎಲೆಯಡಿ ಬಿಳಿ ಗುಳ್ಳೆಗಳೆದ್ದಿದ್ದರೆ ಬಿಳಿ ತುಕ್ಕು. ರೋಗದ ಎಲೆಗಳನ್ನು ಸುದ್ದಿಪತ್ರಿಕೆಯ ನಡುವೆ ಒತ್ತಿ, ಮೊದಲ ಕೆಲವು ದಿನ ದಿನಕ್ಕೊಮ್ಮೆ ಕಾಗದ ಬದಲಿಸಿ. ಸೋಮಾರಿತನ ಮಾಡಿದರೆ ಬೂಷ್ಟು ಬಂದು ನಿಜವಾದ ರೋಗ ಯಾವುದು, ಆಮೇಲೆ ಬೆಳೆದದ್ದು ಯಾವುದು ಎಂದೇ ಗೊತ್ತಾಗದು. ಒಣಗಿದ ಮೇಲೆ ಸುಮಾರು 42 × 29 ಸೆಂ.ಮೀ. ಹರ್ಬೇರಿಯಂ ಹಾಳೆಗೆ ಅಂಟಿಸಿ, ಊರು, ದಿನಾಂಕ, ಬೆಳೆಯ ಹೆಸರು ಬರೆಯಿರಿ. ಊರು, ದಿನಾಂಕ ಇಲ್ಲದ ಹಾಳೆಗೆ ವಿಜ್ಞಾನದಲ್ಲಿ ಬೆಲೆಯಿಲ್ಲ.

ಸೈಕಾಸ್ ಎಲೆಯ ಅಡ್ಡಸೀಳಿಕೆ ತೆಗೆಯುವುದು ಕೈಚಳಕದ ಕೆಲಸ. ಆಲೂಗಡ್ಡೆ ಅಥವಾ ಕ್ಯಾರೆಟ್ ತುಂಡಿನಲ್ಲಿ ಸೀಳು ಮಾಡಿ ಎಲೆಯನ್ನು ನಿಲ್ಲಿಸಿ, ಹೊಸ ಬ್ಲೇಡನ್ನು ನೀರಿನಲ್ಲಿ ಅದ್ದಿ ನಿಮ್ಮ ಕಡೆಗೆ ಒಂದೇ ಎಳೆತದಲ್ಲಿ ಜಾರಿಸಬೇಕು. ಗರಗಸದಂತೆ ಹಿಂದೆಮುಂದೆ ಆಡಿಸಿದರೆ ಅಂಗಾಂಶ ಹರಿಯುತ್ತದೆ. ಇಪ್ಪತ್ತು ಮೂವತ್ತು ಸೀಳಿಕೆ ತೆಗೆದು ವಾಚ್‌ಗ್ಲಾಸಿನ ನೀರಿಗೆ ಹಾಕಿ, ಅತಿ ತೆಳುವಾದ ಎರಡನ್ನು ಆರಿಸಿ. ಪೂರ್ತಿ ಸೀಳಿಕೆ ಬರಬೇಕೆಂಬ ಹಟ ಬೇಡ. ತೆಳುವಾದ ಅರ್ಧ ಸೀಳಿಕೆ ದಪ್ಪನೆಯ ಪೂರ್ತಿ ಸೀಳಿಕೆಗಿಂತ ಹೆಚ್ಚು ತೋರಿಸುತ್ತದೆ. ಸ್ಯಾಫ್ರಾನಿನ್‌ನಲ್ಲಿ ಲಿಗ್ನಿನ್ ಇರುವ ಭಿತ್ತಿಗಳು ಕೆಂಪಾಗುತ್ತವೆ. ಗ್ಲಿಸರಿನ್ ಹನಿಯ ಮೇಲೆ ಕವರ್‌ಸ್ಲಿಪ್ಪನ್ನು ಒಂದು ಅಂಚಿನಿಂದ ಸೂಜಿಯ ಆಸರೆಯಲ್ಲಿ ಇಳಿಸಿದರೆ ಗಾಳಿಗುಳ್ಳೆ ಹೊಕ್ಕುವುದಿಲ್ಲ.

ಈರುಳ್ಳಿ ಬೇರಿನ ತುದಿ

ಕೋಶ ವಿಭಜನೆಯ ಪ್ರಯೋಗ ಯಾವ ಐಚ್ಛಿಕದ ಪಾಲಿಗೆ ಬಂದರೂ ಮೊದಲ ಎರಡು ಸೆಮಿಸ್ಟರಿನಲ್ಲಿ ಎದುರಾಗುವುದೇ ಹೆಚ್ಚು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, 2015ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಬೆಂಗಳೂರು ಗುಲಾಬಿ ಈರುಳ್ಳಿಯೂ ಇದಕ್ಕೆ ಆಗುತ್ತದೆ. ಒಣ ಬೇರು ಕೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಮೇಲೆ ಕೂರಿಸಿ. ಮೂರು ನಾಲ್ಕು ದಿನಕ್ಕೆ ಎರಡು ಸೆಂ.ಮೀ. ಬಿಳಿ ಬೇರು ಬರುತ್ತದೆ. ಬೆಳಗಿನ ಹೊತ್ತು ತುದಿ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೊಹಾಲ್ ಬೆರೆಸಿದ ದ್ರಾವಣದಲ್ಲಿ ಒಂದು ದಿನ ಇಡಬೇಕು. ಆಮೇಲೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಗೆ ಐದಾರು ನಿಮಿಷ, ನಂತರ ಅಸಿಟೋಕಾರ್ಮಿನ್ ಬಣ್ಣ.

ಅಲ್ಲಿಂದ ಮುಂದೆ ಬೇಕಾದದ್ದು ತುದಿಯ 1ರಿಂದ 2 ಮಿ.ಮೀ. ಮಾತ್ರ. ಬಣ್ಣ ಗಾಢವಾಗಿ ಹಿಡಿದಿರುವುದೇ ಆ ಭಾಗ. ಉಳಿದದ್ದನ್ನು ಎಸೆಯಿರಿ. ವಿಭಜನೆಯೇ ಕಾಣಲಿಲ್ಲ, ಉದ್ದುದ್ದ ಕೋಶಗಳೇ ಇವೆ ಎಂದು ದೂರುವವರು ತುದಿಯನ್ನು ಎಸೆದು ಹಿಂದಿನ ಬೆಳವಣಿಗೆಯ ಭಾಗವನ್ನು ಇಟ್ಟುಕೊಂಡಿರುತ್ತಾರೆ. ಕೋಶಗಳು ಒಂದರ ಮೇಲೊಂದು ಪೇರಿದ್ದರೆ ಆಮ್ಲದಲ್ಲಿಟ್ಟ ಹೊತ್ತು ಸಾಲಲಿಲ್ಲ. ಎಲ್ಲವೂ ಮಸುಕಾಗಿದ್ದರೆ ಆ ಹೊತ್ತು ಹೆಚ್ಚಾಯಿತು. ಕವರ್‌ಸ್ಲಿಪ್ಪಿನ ಮೇಲೆ ಪೆನ್ಸಿಲಿನ ಹಿಂತುದಿಯಿಂದ ಮೆಲ್ಲಗೆ ತಟ್ಟಿ, ಬಳಿಕ ಬ್ಲಾಟಿಂಗ್ ಕಾಗದ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತಿ. ಪಕ್ಕಕ್ಕೆ ಜಾರಿದರೆ ಕೋಶಗಳು ಉರುಳಿ ಮುದ್ದೆಯಾಗುತ್ತವೆ. ಈರುಳ್ಳಿಯಲ್ಲಿ 16 ವರ್ಣತಂತುಗಳಿವೆ. ಮೆಟಾಫೇಸಿನ, ಅಂದರೆ ವರ್ಣತಂತುಗಳು ಕೋಶದ ನಡುವೆ ಸಾಲಾಗಿ ನಿಲ್ಲುವ ಹಂತದ, ಒಂದು ಒಳ್ಳೆಯ ಕೋಶದಲ್ಲಿ ಅವನ್ನು ಎಣಿಸಿದ ವಿದ್ಯಾರ್ಥಿಗೆ ಆ ಅಧ್ಯಾಯವನ್ನು ಬಾಯಿಪಾಠ ಮಾಡುವ ಕೆಲಸವಿರುವುದಿಲ್ಲ.

ಸೂಕ್ಷ್ಮದರ್ಶಕದ ನಿಯಮ ಚಿಕ್ಕದು. ಕಣ್ಣಿನ ಮಸೂರ 10, ವಸ್ತು ಮಸೂರ 10 ಸೇರಿ 100 ಪಟ್ಟು. ಯಾವಾಗಲೂ ಅಲ್ಲಿ ಶುರುಮಾಡಿ, ಕೋಶವನ್ನು ನಡುವೆ ತಂದುಕೊಂಡ ಮೇಲೆ 45ಕ್ಕೆ ತಿರುಗಿಸಿ, ಸಣ್ಣ ತಿರುಪನ್ನು ಮಾತ್ರ ಆಡಿಸಿ. ಅಲ್ಲಿ ದೊಡ್ಡ ತಿರುಪು ಮುಟ್ಟಿದರೆ ಸ್ಲೈಡ್ ಒಡೆಯುತ್ತದೆ, ಮಸೂರಕ್ಕೆ ಗೀರು ಬೀಳುತ್ತದೆ.

ಈ ಕೌಶಲಕ್ಕೆ ನಮ್ಮ ಸೀಮೆಯಲ್ಲೇ ಕೆಲಸವಿದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ ಮೊಟ್ಟೆ ತಯಾರಿಕೆ ಇದೆ, ಅದರ ಹಿಂದೆ ಸೂಕ್ಷ್ಮದರ್ಶಕವಿದೆ. ಗಂಟು ರೋಗ, ಅಂದರೆ ಪೆಬ್ರಿನ್, ತಾಯಿ ಚಿಟ್ಟೆಯಿಂದ ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತದೆ. ಅದಕ್ಕೇ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಹೊಳೆಯುವ ಮೊಟ್ಟೆಯಾಕಾರದ ಬೀಜಾಣುಗಳಿವೆಯೇ ಎಂದು ನೋಡುತ್ತಾರೆ. ಲೂಯಿ ಪಾಶ್ಚರ್ 19ನೇ ಶತಮಾನದಲ್ಲಿ ರೂಪಿಸಿದ ಈ ತಪಾಸಣೆ ಇವತ್ತಿಗೂ ಬಳಕೆಯಲ್ಲಿದೆ.

ಪ್ರಾಣಿಶಾಸ್ತ್ರ ಮತ್ತು ಸ್ಪಾಟರ್‌ಗಳು

ಕಪ್ಪೆ ಸೀಳುವ ಕಾಲ ಹೋಯಿತು. ಯುಜಿಸಿಯ ಮಾರ್ಗಸೂಚಿಗಳ ನಂತರ ಛೇದನದ ಜಾಗಕ್ಕೆ ಮಾದರಿ, ಚಾರ್ಟ್, ಶಾಶ್ವತ ಸ್ಲೈಡ್, ಕಂಪ್ಯೂಟರಿನ ಚಿತ್ರಗಳು ಬಂದಿವೆ. ಹಾಗಾಗಿ ಅಂಕಗಳ ಭಾರ ಸ್ಪಾಟರ್‌ಗಳ ಮೇಲೆ ಬಿದ್ದಿದೆ: ಮೇಜಿನ ಮೇಲಿಟ್ಟ ಮಾದರಿಯನ್ನು ಗುರುತಿಸಿ, ವರ್ಗೀಕರಿಸಿ, ಲಕ್ಷಣ ಬರೆಯುವುದು. ಹೆಸರು ಸರಿಯಾಗಿ ಬರೆದೂ ಅಂಕ ಕಳೆದುಕೊಳ್ಳುವವರೇ ಹೆಚ್ಚು, ಏಕೆಂದರೆ ಕಾರಣ ಬರೆದಿರುವುದಿಲ್ಲ. ವಂಶದ ಸಾಮಾನ್ಯ ಲಕ್ಷಣ ಬರೆಯುವುದಕ್ಕಿಂತ ಎದುರಿಗಿರುವ ಮಾದರಿಯಲ್ಲಿ ಕಾಣುವುದನ್ನು ಬರೆಯಿರಿ. ಜರಿಗೆ ಖಂಡಕ್ಕೆ ಒಂದು ಜೊತೆ ಕಾಲು, ಸಹಸ್ರಪದಿಗೆ ಹೆಚ್ಚಿನ ಖಂಡಗಳಲ್ಲಿ ಎರಡು ಜೊತೆ. ಇಷ್ಟು ನೋಡಿದ್ದೀರಿ ಎಂದು ತೋರಿಸಿದರೆ ಪರೀಕ್ಷಕರಿಗೆ ಸಾಕು. ವೈಜ್ಞಾನಿಕ ಹೆಸರನ್ನು ಕೈಬರಹದಲ್ಲಿ ಬರೆದಾಗ ಎರಡೂ ಪದಕ್ಕೆ ಬೇರೆಬೇರೆಯಾಗಿ ಅಡಿಗೆರೆ ಎಳೆಯಬೇಕು. ಫಾರ್ಮಲಿನ್ ಬಾಟಲಿಯಲ್ಲಿ ಬಣ್ಣ ಹೋಗಿರುತ್ತದೆ, ಬಣ್ಣದ ಗುರುತು ನೆಚ್ಚಬೇಡಿ.

ಅಕಶೇರುಕಗಳ ಪಾಠಕ್ಕೆ ಒಂದೇ ದೊಡ್ಡ ಕೋಷ್ಟಕ ಸಾಕು: ದೇಹದ ಸಮ್ಮಿತಿ, ಭ್ರೂಣ ಪದರಗಳು, ದೇಹಾವಕಾಶ, ಖಂಡೀಕರಣ, ರಕ್ತ ಪರಿಚಲನೆ. ಎರೆಹುಳುವಿನ ರಕ್ತ ಕೊಳವೆಗಳೊಳಗೇ ಹರಿಯುತ್ತದೆ, ಜಿರಳೆಯದು ದೇಹದ ಕುಹರಕ್ಕೆ ಚೆಲ್ಲಿಕೊಂಡು ಸುತ್ತುತ್ತದೆ ಎಂಬಂಥ ವ್ಯತ್ಯಾಸಗಳು ಅಲ್ಲಿ ಅಕ್ಕಪಕ್ಕ ಕಾಣುತ್ತವೆ. ಕಶೇರುಕಗಳ ಸೆಮಿಸ್ಟರಿನಲ್ಲಿ ಕ್ಷೇತ್ರ ವರದಿ ಕೇಳಿದರೆ ದೂರ ಹೋಗಬೇಕಿಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡುಕಟ್ಟುತ್ತವೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಮೀಸಲಿನಲ್ಲಿ ಕೃಷ್ಣಮೃಗಗಳಿವೆ.

ರೆಕಾರ್ಡು, ಪರೀಕ್ಷೆ, ಬ್ಯಾಕ್‌ಲಾಗ್

ರೆಕಾರ್ಡನ್ನು ಪ್ರಯೋಗ ಮಾಡಿದ ವಾರವೇ ಬರೆದು ಸಹಿ ಹಾಕಿಸಿ. ಚಿತ್ರಕ್ಕೆ ಎಚ್‌ಬಿ ಪೆನ್ಸಿಲ್, ಹೆಸರಿನ ಗೆರೆಗಳು ಒಂದನ್ನೊಂದು ದಾಟದಂತೆ ಬಲಗಡೆ, ಕೆಳಗೆ ಎಷ್ಟು ಪಟ್ಟು ಹಿಗ್ಗಿಸಿ ನೋಡಿದ್ದು ಎಂಬ ನಮೂದು. ಪುಸ್ತಕದ ಅಂದವಾದ ಚಿತ್ರ ನಕಲು ಮಾಡಿದರೆ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನಿಮ್ಮ ಸ್ಲೈಡಿನಲ್ಲಿ ಇದು ಎಲ್ಲಿದೆ ಎಂಬ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಪ್ರಾಕ್ಟಿಕಲ್ ಪರೀಕ್ಷೆ ಸಾಮಾನ್ಯವಾಗಿ ಥಿಯರಿಗಿಂತ ಮುಂಚೆ ನಡೆಯುತ್ತದೆ, ದೃಢೀಕರಿಸಿದ ರೆಕಾರ್ಡ್ ಇಲ್ಲದೆ ಅದಕ್ಕೆ ಕೂರಿಸುವುದಿಲ್ಲ.

ಬಾಗೇಪಲ್ಲಿ, ಗುಡಿಬಂಡೆ, ಪಾವಗಡದಂಥ ಕಡೆಯಿಂದ ಬಸ್ಸಿನಲ್ಲಿ ಬರುವವರು ಬ್ಯಾಚ್ ಹಂಚುವ ದಿನವೇ ಮೇಷ್ಟ್ರಿಗೆ ಹೇಳಿ, ಬೇಗ ಮುಗಿಯುವ ಬ್ಯಾಚ್ ಕೇಳಿಕೊಳ್ಳಿ. ಆಮೇಲೆ ಬಸ್ ತಪ್ಪುತ್ತದೆಂದು ಮಧ್ಯದಲ್ಲಿ ಎದ್ದರೆ ಟೈಟ್ರೇಷನ್ನಿನ ಮೂರನೇ ಓದಿಕೆ ಎಂದೂ ಆಗುವುದಿಲ್ಲ. ನೀಟ್‌ಗೆ ಎರಡನೇ ಸಲ ಓದುತ್ತ ಬಿಎಸ್ಸಿ ಸೀಟು ಹಿಡಿದವರ ಕಷ್ಟ ಬೇರೆ. ಅವರ ಹಾಜರಾತಿ ಮೊದಲು ಕುಸಿಯುವುದು ಲ್ಯಾಬಿನಲ್ಲೇ. ಥಿಯರಿಯ ಒಂದೆರಡು ತರಗತಿ ತಪ್ಪಿದರೂ ಪ್ರಾಕ್ಟಿಕಲ್ ದಿನಗಳಿಗೆ ಬಂದೇ ತೀರಬೇಕು, ಸೀಟು ಸಿಗದಿದ್ದಾಗ ವರ್ಷ ಉಳಿಯುವುದು ಅದರಿಂದಲೇ.

ಥಿಯರಿ ಪತ್ರಿಕೆ ಉಳಿದರೆ ಆ ಪತ್ರಿಕೆಯನ್ನಷ್ಟೇ ಮತ್ತೆ ಬರೆಯಬಹುದು, ಮುಂದಿನ ಸೆಮಿಸ್ಟರಿಗೆ ಅಡ್ಡಿಯಿಲ್ಲದೆ ಓದು ಮುಂದುವರಿಯುತ್ತದೆ. ಪ್ರಾಕ್ಟಿಕಲ್ ಉಳಿದರೆ ಹಾಗೆ ಸುಲಭವಿಲ್ಲ. ಅದೇ ಪ್ರಯೋಗಗಳು ಮತ್ತೆ ಲ್ಯಾಬಿನಲ್ಲಿ ನಡೆಯುವುದು ಮರುವರ್ಷ ಅದೇ ಸೆಮಿಸ್ಟರಿನಲ್ಲಿ, ಅಲ್ಲಿಯವರೆಗೆ ಕೈಗೆ ಅಭ್ಯಾಸವೂ ತಪ್ಪಿರುತ್ತದೆ. ಹಾಗೆ ಉಳಿಸಿಕೊಂಡವರು ಜೂನಿಯರ್ ಬ್ಯಾಚಿನ ಲ್ಯಾಬ್ ದಿನಗಳನ್ನು ತಿಳಿದುಕೊಂಡು, ವಿಭಾಗದ ಮುಖ್ಯಸ್ಥರ ಅನುಮತಿ ಪಡೆದು, ಟೈಟ್ರೇಷನ್ ಮತ್ತು ಸ್ಲೈಡ್ ತಯಾರಿಕೆಯ ದಿನಗಳಿಗಾದರೂ ಅವರೊಂದಿಗೆ ನಿಂತು ಮಾಡಿ, ಆಮೇಲೆ ಪರೀಕ್ಷಾ ಶುಲ್ಕ ಕಟ್ಟಿ.